ಬಿಳಿ ಪಟ್ಟಿ ಮತ್ತೆ ಮತ್ತೆ ಹಳದಿ ಆಗ್ತಿದೆಯಾ? ಟೈರು, ವೈಟ್‌ವಾಲ್ ಕ್ಲೀನಿಂಗ್‌ನ ದೋಷ ನಿವಾರಣೆ

ನಮ್ಮ ಮನೆಯ ಹಳೆಯ ಪ್ರೀಮಿಯರ್ ಪದ್ಮಿನಿ ಕಾರಿಗೆ ವೈಟ್‌ವಾಲ್, ಅಂದರೆ ಪಕ್ಕದ ಮೈಯಲ್ಲಿ ಬಿಳಿ ಪಟ್ಟಿ ಇರುವ ಟೈರುಗಳಿವೆ. ಭಾನುವಾರ ಬೆಳಿಗ್ಗೆ ಕೂತು ಉಜ್ಜಿದರೆ ಮಲ್ಲಿಗೆಯಷ್ಟು ಬೆಳ್ಳಗಾಗುತ್ತಿದ್ದವು. ಮುಂದಿನ ಭಾನುವಾರದ ಹೊತ್ತಿಗೆ ಟೀ ಸೋಸುವ ಬಟ್ಟೆಯ ಬಣ್ಣ. ಇನ್ನೂ ಸ್ಟ್ರಾಂಗ್ ಆದ ಕ್ಲೀನರ್ ತಂದೆ. ಇನ್ನೂ ಗಟ್ಟಿ ಬ್ರಷ್ ತಂದೆ. ಎರಡು ತಿಂಗಳು ಹೀಗೇ ಹೋಯಿತು. ಪ್ರತಿ ಸಲ ಬೆಳ್ಳಗಾಗುತ್ತಿತ್ತು, ಪ್ರತಿ ಸಲವೂ ಹಿಂದಿನ ಸಲಕ್ಕಿಂತ ಬೇಗ ಹಳದಿಗೆ ತಿರುಗುತ್ತಿತ್ತು.

ಒಂದು ದಿನ ಜಾಕ್ ತೆಗೆಯಲು ಡಿಕ್ಕಿ ತೆರೆದೆ. ಸ್ಟೆಪ್ನಿ ಕಣ್ಣಿಗೆ ಬಿತ್ತು. ಅದೇ ಕಂಪನಿಯ ಟೈರು, ಉಳಿದ ನಾಲ್ಕರ ಜೊತೆಗೇ ಕೊಂಡದ್ದು. ಅದರ ಪಟ್ಟಿ ಮಾತ್ರ ಬೆಳ್ಳಗೇ ಇತ್ತು. ಅದಕ್ಕೆ ನಾನು ಯಾವತ್ತೂ ಟೈರ್ ಪಾಲಿಶ್ ಹಚ್ಚಿರಲಿಲ್ಲ.

ಸ್ಟೆಪ್ನಿ ಬಿಸಿಲನ್ನೂ ಕಂಡಿಲ್ಲ, ರೋಡನ್ನೂ ಕಂಡಿಲ್ಲ. ಅದೊಂದನ್ನೇ ನಂಬುವಂತಿಲ್ಲ ಅಲ್ವಾ? ಹಾಗಾಗಿ ಹಿಂದಿನ ಎಡ ಚಕ್ರಕ್ಕೆ ಮಾತ್ರ ಪಾಲಿಶ್ ನಿಲ್ಲಿಸಿದೆ. ಉಳಿದ ಮೂರಕ್ಕೆ ಎಂದಿನಂತೆ ಹಚ್ಚಿದೆ. ನಾಲ್ಕನೇ ವಾರಕ್ಕೆ ಆ ಒಂದು ಚಕ್ರ ಬೇರೆ ಕಾರಿನದು ಅನ್ನುವಷ್ಟು ಬೆಳ್ಳಗೆ ಕಾಣುತ್ತಿತ್ತು. ತಪ್ಪು ಕೊಳೆಯದ್ದಾಗಿರಲಿಲ್ಲ. ಕ್ಲೀನರ್‌ದೂ ಅಲ್ಲ. ತೊಳೆದ ಮೇಲೆ ಹೊಳಪಿಗೆ ಅಂತ ನಾನೇ ಹಚ್ಚುತ್ತಿದ್ದ ಎಣ್ಣೆಯಂಥ ಪಾಲಿಶ್‌ದು.

ಅಂದಿನಿಂದ ನಾನು ಬಾಟಲಿ ತೆಗೆಯುವ ಮೊದಲು ಒಂದೇ ಪ್ರಶ್ನೆ ಕೇಳಿಕೊಳ್ಳುತ್ತೇನೆ: ಈ ಬಣ್ಣ ಎಲ್ಲಿಂದ ಬಂತು? ಹೊರಗಿಂದ ಬಂದು ಕೂತದ್ದಾ, ರಬ್ಬರ್ ಒಳಗಿಂದ ಮೇಲೆ ಬಂದದ್ದಾ, ಇಲ್ಲ ಯಾರಾದರೂ ಹಚ್ಚಿದ್ದಾ? ಇದು ಗೊತ್ತಾಗದೆ ಸ್ಟ್ರಾಂಗ್ ಕ್ಲೀನರ್ ಸುರಿದರೆ ಟೈರು ಒಣಗುತ್ತದೆ, ರಿಮ್ ಹಾಳಾಗುತ್ತದೆ, ಕಲೆ ಮಾತ್ರ ಅಲ್ಲೇ ಇರುತ್ತದೆ.

ಬಾಟಲಿ ತೆಗೆಯುವ ಮೊದಲು

ಕಾರನ್ನು ನೆರಳಿಗೆ ತನ್ನಿ. ಓಡಿಸಿ ಬಂದಿದ್ದರೆ ಅರ್ಧ ಗಂಟೆಯಾದರೂ ಬಿಡಿ. ಅಂಗೈ ಹಿಂಭಾಗವನ್ನು ಟೈರಿಗೆ, ರಿಮ್ಮಿಗೆ ತಾಗಿಸಿದರೆ ತಣ್ಣಗಿರಬೇಕು. ಬಿಸಿ ರಬ್ಬರ್ ಮೇಲೆ ಯಾವ ಕ್ಲೀನರ್ ಹಾಕಿದರೂ ಅದು ಕೆಲಸ ಮಾಡುವ ಮೊದಲೇ ಒಣಗುತ್ತದೆ.

ಒಂದು ಹಳೆಯ ಬಿಳಿ ಬನಿಯನ್ ತುಂಡು ತೆಗೆದುಕೊಳ್ಳಿ. ಕಾರ್ ಶಾಂಪೂ ಹಾಕಿದ ನೀರಿನಲ್ಲಿ ಅದ್ದಿ, ಬಿಳಿ ಪಟ್ಟಿಯ ಮೇಲೆ ಒಂದೇ ಜಾಗದಲ್ಲಿ ಹತ್ತು ಸಲ ಉಜ್ಜಿ. ಬಟ್ಟೆಗೆ ಬೂದು ಅಥವಾ ಕೆಂಪು ಬಣ್ಣ ಹತ್ತಿಕೊಂಡು ಪಟ್ಟಿ ಬೆಳ್ಳಗಾದರೆ ಅದು ಬರೀ ರೋಡಿನ ಕೊಳೆ. ಸ್ಟ್ರಾಂಗ್ ಕ್ಲೀನರ್ ಬೇಕಿಲ್ಲ, ಶಾಂಪೂ ಮತ್ತು ಮೆತ್ತನೆ ಬ್ರಷ್ ಸಾಕು. ಬಟ್ಟೆಗೆ ಜಿಡ್ಡಾದ ಕಂದು ಹತ್ತಿದರೆ ಪಾಲಿಶ್ ಅಥವಾ ಎಣ್ಣೆ. ಬಟ್ಟೆಗೆ ಏನೂ ಹತ್ತದೆ ಪಟ್ಟಿ ಹಳದಿಯಾಗಿಯೇ ಉಳಿದರೆ ಬಣ್ಣ ರಬ್ಬರಿನೊಳಗಿದೆ.

ಬೆರಳಿನಿಂದಲೂ ಮುಟ್ಟಿ ನೋಡಿ. ಅಂಟಂಟಾಗಿದ್ದರೆ ಪಾಲಿಶ್ ಪದರ. ಸೀಮೆಸುಣ್ಣದಂತೆ ಪುಡಿ ಹತ್ತಿದರೆ ಮೇಲ್ಪದರ ಬಿಸಿಲು, ಗಾಳಿಗೆ ಸವೆದಿದೆ. ಅಥವಾ ಹಿಂದಿನ ಸಲದ ಕ್ಲೀನರ್ ಅಲ್ಲೇ ಒಣಗಿ ಕೂತಿದೆ.

ಇನ್ನು ಹೋಲಿಕೆಗೆ ಟೈರಿನ ಒಳಮುಖವನ್ನು ನೋಡಿ. ಕಾರಿನ ಕೆಳಗೆ ಬಗ್ಗಿ ಟಾರ್ಚ್ ಹಾಕಿದರೆ ಕಾಣುತ್ತದೆ. ಅಲ್ಲಿಗೆ ಯಾರೂ ಪಾಲಿಶ್ ಹಚ್ಚಲ್ಲ, ಯಾರೂ ಉಜ್ಜಲ್ಲ. ಹೊರಮುಖ ಕಂದಾಗಿದ್ದು ಒಳಮುಖ ಕಪ್ಪಾಗಿದ್ದರೆ ಹಚ್ಚಿದ್ದರ ಮೇಲೇ ಅನುಮಾನ ಪಡಬೇಕು.

ಕಪ್ಪು ಟೈರು ಕಂದು ಆಗಿದೆ, ತೊಳೆದರೂ ಹೋಗುತ್ತಿಲ್ಲ

ಇದನ್ನು ಕೊಳೆ ಅಂದುಕೊಳ್ಳುವವರೇ ಜಾಸ್ತಿ. ಎಷ್ಟೋ ಸಲ ಇದು ಟೈರಿನದೇ ಔಷಧಿ.

ಗಾಳಿಯಲ್ಲಿರುವ ಓಝೋನ್ ರಬ್ಬರನ್ನು ಸೀಳುತ್ತದೆ. ಅದನ್ನು ತಡೆಯಲು ಟೈರು ತಯಾರಿಸುವಾಗಲೇ ರಬ್ಬರಿಗೆ ಮೇಣವನ್ನೂ ಓಝೋನ್ ನಿರೋಧಕ ರಾಸಾಯನಿಕಗಳನ್ನೂ ಸೇರಿಸುತ್ತಾರೆ. ಹೆಚ್ಚು ಬಳಕೆಯಲ್ಲಿರುವುದು 6ಪಿಪಿಡಿ. ಇದು ಒಳಗಿಂದ ನಿಧಾನವಾಗಿ ಮೇಲ್ಮೈಗೆ ಬರುತ್ತಾ ಇರುತ್ತದೆ. ರಬ್ಬರಿನ ಬದಲು ತಾನೇ ಓಝೋನ್ ಜೊತೆ ಸೇರಿ ಖರ್ಚಾಗುತ್ತದೆ. ಹಾಗೆ ಖರ್ಚಾದದ್ದರ ಬಣ್ಣವೇ ಕಂದು. ಟೈರು ಉರುಳುವಾಗ ಪಕ್ಕದ ಗೋಡೆ ಬಾಗಿ ಏಳುತ್ತದಲ್ಲ, ಆ ಅಲುಗಾಟಕ್ಕೆ ಮೇಣ ಇನ್ನಷ್ಟು ಮೇಲೆ ಬರುತ್ತದೆ.

ಹಾಗಾದರೆ ತೊಳೆಯಬಾರದಾ? ತೊಳೆಯಬಹುದು. ಮೇಲಿನ ಖರ್ಚಾದ ಪದರ ಹೋದರೆ ನಷ್ಟವಿಲ್ಲ, ಒಳಗಿಂದ ಹೊಸದು ಬರುತ್ತದೆ. ಆದರೆ ವಾರ ವಾರ ಸ್ಟ್ರಾಂಗ್ ಕ್ಲೀನರ್ ಹಾಕಿ ಕೀಳುತ್ತಾ ಹೋದರೆ ಒಳಗಿನ ದಾಸ್ತಾನು ಬೇಗ ಮುಗಿಯುತ್ತದೆ. ಹೊಸ ಟೈರಿನಲ್ಲಿ ತುಂಬಿಟ್ಟದ್ದು ಇಷ್ಟೇ, ಆಮೇಲೆ ಹೊರಗಿನಿಂದ ತುಂಬುವಂತಿಲ್ಲ. ಎರಡು ಮೂರು ತಿಂಗಳಿಗೊಮ್ಮೆ ಆಳವಾಗಿ ತೊಳೆದರೆ ಸಾಕು ಅನ್ನುವುದು ನನ್ನ ಲೆಕ್ಕ. ನಡುವೆ ಶಾಂಪೂ.

ಹಳೆಯ ಪಾಲಿಶ್ ಪದರವಾದರೆ ವಿಷಯ ಬೇರೆ. ಟೈರ್ ಕ್ಲೀನರ್ ಚಿಮುಕಿಸಿ ಬ್ರಷ್ ಆಡಿಸಿದಾಗ ಮೊದಲ ನೊರೆ ಡಿಕಾಕ್ಷನ್‌ನಂತೆ ಇಳಿಯುತ್ತದೆ. ತೊಳೆದು ಮತ್ತೊಮ್ಮೆ ಹಾಕಿ. ಈಗ ಹಾಲು ಜಾಸ್ತಿ ಹಾಕಿದ ಕಾಫಿ. ಮೂರನೇ ಸಲಕ್ಕೆ ನೊರೆ ಬಿಳಿಯಾಗಿಯೇ ಉಳಿಯಬೇಕು. ಅಲ್ಲಿಗೆ ನಿಲ್ಲಿಸಿ. ನೊರೆ ಬಿಳಿಯಾದ ಮೇಲೂ ಟೈರು ತುಸು ಕಂದಾಗಿ ಕಂಡರೆ ಅದನ್ನು ಹಾಗೇ ಬಿಡಿ, ಅದು ರಬ್ಬರಿನ ಕಾವಲುಗಾರ.

ಆ ಕಂದು ನೀರು ಎಲ್ಲಿಗೆ ಹೋಗುತ್ತದೆ ಅಂತಲೂ ನೋಡಿಕೊಳ್ಳಿ. ಅಮೆರಿಕದ ವಾಷಿಂಗ್ಟನ್ ರಾಜ್ಯದ ತೊರೆಗಳಲ್ಲಿ ಮಳೆ ಬಂದಾಗಲೆಲ್ಲ ಕೋಹೊ ಸಾಮನ್ ಮೀನುಗಳು ಸಾಯುತ್ತಿದ್ದವು. ಟೈರಿನ 6ಪಿಪಿಡಿ ಓಝೋನ್ ಜೊತೆ ಸೇರಿ ಆಗುವ ಒಂದು ವಸ್ತು ಅದಕ್ಕೆ ಕಾರಣ ಅಂತ 2020ರಲ್ಲಿ ಅಲ್ಲಿನ ವಿಜ್ಞಾನಿಗಳು ಕಂಡುಹಿಡಿದರು. ಅಲ್ಲಿನ ಮುಖ್ಯ ಮೂಲ ರೋಡಿನಲ್ಲಿ ಸವೆದ ಟೈರಿನ ಪುಡಿ, ಮನೆಯ ಮುಂದೆ ತೊಳೆದ ನೀರಲ್ಲ. ಆದರೂ ಬಾವಿ, ಕೆರೆಯ ಪಕ್ಕ ಕೂತು ಟೈರು ತೊಳೆಯುವುದು ಬೇಡ.

ಬಿಳಿ ಪಟ್ಟಿ ಹಳದಿ ಅಥವಾ ಕಂದು ಆಗಿದೆ

ಮೊದಲು ನಿಮ್ಮದು ಎಂಥ ಬಿಳಿ ಅಂತ ತಿಳಿಯಿರಿ. ಮೂರು ಥರ ಇರುತ್ತವೆ. ಒಂದು, ಟೈರಿನ ಜೊತೆಗೇ ಬೆಂದು ಸೇರಿಕೊಂಡ ಬಿಳಿ ರಬ್ಬರ್. ಇನ್ನೊಂದು, ರಿಮ್ಮಿಗೂ ಟೈರಿಗೂ ನಡುವೆ ಸಿಕ್ಕಿಸುವ ಬಿಳಿ ರಬ್ಬರ್ ರಿಂಗ್. ನಮ್ಮಲ್ಲಿ ಅಂಬಾಸಿಡರ್, ಪದ್ಮಿನಿಗಳ ಮೇಲೆ ಕಾಣುವುದರಲ್ಲಿ ಇದೂ ಸಾಕಷ್ಟಿದೆ. ಮೂರನೆಯದು ಬಳಿದ ಪೇಂಟು. ಪಟ್ಟಿಯ ಹೊರ ಅಂಚಿಗೆ ಉಗುರು ಹಾಕಿ. ಎದ್ದು ಬಂದರೆ ರಿಂಗ್. ಮುಖದ ಮೇಲೆ ಸಣ್ಣ ಸಣ್ಣ ಬಿರುಕಿನ ಬಲೆ ಕಂಡು ಚಕ್ಕೆ ಏಳುತ್ತಿದ್ದರೆ ಪೇಂಟು. ಅನುಮಾನವಿದ್ದರೆ ಕಾಣದ ಮೂಲೆಯಲ್ಲಿ ಹತ್ತಿಗೆ ಸ್ವಲ್ಪ ಸ್ಪಿರಿಟ್ ಮುಟ್ಟಿಸಿ ಒತ್ತಿ ನೋಡಿ, ಹತ್ತಿಗೆ ಬಿಳಿ ಹತ್ತಿದರೆ ಪೇಂಟು. ಪೇಂಟಿನ ಮೇಲೆ ಸ್ಟ್ರಾಂಗ್ ಕ್ಲೀನರ್ ಹಾಕಲೇಬೇಡಿ, ಪದರ ಸಮೇತ ಬರುತ್ತದೆ. ರಿಂಗ್ ಆದರೆ ಬಿಚ್ಚಿ ತೊಳೆಯಿರಿ. ಅದರ ಹಿಂದೆ ಮರಳು ಕೂತು ಟೈರಿನ ಗೋಡೆಯನ್ನು ಸವೆಸಿರಬಹುದು, ಮುಖ್ಯವಾಗಿ ಪಕ್ಕದ ಗೋಡೆ ಹೆಚ್ಚು ಬಾಗುವ ರೇಡಿಯಲ್ ಟೈರಿನಲ್ಲಿ. ಹಳದಿಗಿಂತ ಅದು ದೊಡ್ಡ ಚಿಂತೆ.

ಈಗ ನಿಜವಾದ ಬಿಳಿ ರಬ್ಬರಿನ ಮಾತು. ಟೈರು ಕಪ್ಪಾಗುವುದು ಕಾರ್ಬನ್ ಬ್ಲ್ಯಾಕ್ ಅನ್ನುವ ಮಸಿಯಂಥ ಪುಡಿಯಿಂದ. ಬಿಳಿ ಪಟ್ಟಿಯಲ್ಲಿ ಅದರ ಬದಲು ಬಿಳಿ ಪುಡಿ, ಮುಖ್ಯವಾಗಿ ಟೈಟಾನಿಯಂ ಡೈಆಕ್ಸೈಡ್ ಇರುತ್ತದೆ. ಆದರೆ ಬಿಳಿಯ ಪಕ್ಕದಲ್ಲೂ ಹಿಂದೆಯೂ ಇರುವುದು ಕಪ್ಪು ರಬ್ಬರ್. ಅದರೊಳಗಿನ ಎಣ್ಣೆ, ಓಝೋನ್ ನಿರೋಧಕ ಎಲ್ಲವೂ ಬಿಳಿಯ ಕಡೆಗೆ ಜರುಗಲು ನೋಡುತ್ತಲೇ ಇರುತ್ತವೆ. ಒಳ್ಳೆಯ ಟೈರಿನಲ್ಲಿ ನಡುವೆ ತಡೆಗೋಡೆಯಂಥ ರಬ್ಬರ್ ಪದರ ಇರುತ್ತದೆ. ಆ ತಡೆಯನ್ನು ದಾಟಿಸಲು ನಾವೇ ಸಹಾಯ ಮಾಡುತ್ತೇವೆ. ಹೇಗೆ ಅಂದರೆ, ಪೆಟ್ರೋಲಿಯಂ ಇರುವ ಪಾಲಿಶ್, ಡೀಸೆಲ್, ಸೀಮೆಎಣ್ಣೆ ರಬ್ಬರಿನೊಳಗೆ ಇಳಿದು ಅದನ್ನು ಉಬ್ಬಿಸುತ್ತವೆ. ಉಬ್ಬಿದ ರಬ್ಬರಿನಲ್ಲಿ ಒಳಗಿನದ್ದು ಸಲೀಸಾಗಿ ಓಡಾಡುತ್ತದೆ.

ಸರ್ವಿಸ್ ಸ್ಟೇಷನ್ನಿನಲ್ಲಿ ಕಾರು ತೊಳೆದ ಮೇಲೆ ಕೆಳಗೆಲ್ಲ ಡೀಸೆಲ್ ಅಥವಾ ಹಳೆ ಆಯಿಲ್ ಸ್ಪ್ರೇ ಹೊಡೆಯುವ ರೂಢಿ ನಮ್ಮಲ್ಲಿದೆ. ತುಕ್ಕು ಹಿಡಿಯಬಾರದು ಅಂತ ಮಾಡುವುದು. ಉದ್ದೇಶ ಒಳ್ಳೆಯದೇ. ಆದರೆ ಆ ಮಂಜು ಟೈರಿನ ಮೇಲೆ ಕೂರುತ್ತದೆ. ಹಾಗೆಯೇ ಬಟ್ಟೆಯಲ್ಲಿ ಒರೆಸಿ ‘ಟೈರ್ ಪಾಲಿಶ್’ ಅಂತಲೂ ಮಾಡಿಬಿಡುತ್ತಾರೆ. ನೀವು ಕಾರು ಬಿಡುವಾಗಲೇ ‘ಸ್ಪ್ರೇ ಬೇಡ, ಟೈರು ಮುಟ್ಟಬೇಡಿ’ ಅಂತ ಹೇಳಿಬಿಡಿ. ಸರ್ವಿಸ್ ಆದ ಎರಡು ವಾರದಲ್ಲೇ ಹಳದಿ ಶುರುವಾದರೆ ಬೇರೆ ಕಾರಣ ಹುಡುಕುವ ಮೊದಲು ಇದನ್ನೇ ವಿಚಾರಿಸಿ.

ತೊಳೆಯುವ ಕ್ರಮ ಹೀಗೆ. ಮೊದಲು ಶಾಂಪೂ. ಆಮೇಲೆ ಮೆಲಮೈನ್ ಸ್ಪಂಜು, ಗೋಡೆ ಒರೆಸಲು ಸಿಗುವ ಆ ಬಿಳಿ ಹಗುರ ಸ್ಪಂಜು. ಒದ್ದೆ ಮಾಡಿ ಹಗುರವಾಗಿ ಆಡಿಸಿದರೆ ಅದು ತೆಳ್ಳಗೆ ಮೇಲ್ಪದರವನ್ನು ಉಜ್ಜಿ ತೆಗೆಯುತ್ತದೆ. ನನ್ನ ಕೈಯಲ್ಲಿ ಮುಕ್ಕಾಲು ಪಾಲು ಹಳದಿ ಇದರಲ್ಲೇ ಹೋಗಿದೆ. ಹೋಗದಿದ್ದರೆ ಮಾತ್ರ ವೈಟ್‌ವಾಲ್ ಕ್ಲೀನರ್. ಪಟ್ಟಿಯ ಕಾಲು ಭಾಗಕ್ಕೆ ಮಾತ್ರ ಚಿಮುಕಿಸಿ, ಮೂವತ್ತು ಸೆಕೆಂಡು ಬಿಡಿ, ನೈಲಾನ್ ಬ್ರಷ್ ಆಡಿಸಿ, ಕೂಡಲೇ ನೀರು ಹಾಕಿ. ಆಮೇಲೆ ಮುಂದಿನ ಕಾಲು ಭಾಗ. ಇಡೀ ಚಕ್ರಕ್ಕೆ ಒಟ್ಟಿಗೆ ಸುರಿದರೆ ಕಪ್ಪು ರಬ್ಬರಿನ ಕಂದು ನೊರೆ ಬಿಳಿಯ ಮೇಲೆ ಇಳಿದು ಅಲ್ಲೇ ಒಣಗುತ್ತದೆ. ಸುಮಾರು ಜನ ಹೊಸ ಕಲೆ ಮಾಡಿಕೊಳ್ಳುವುದು ಹೀಗೆಯೇ.

ಇದಕ್ಕೂ ಹೋಗದೆ ಹಳದಿ ಆಳಕ್ಕಿಳಿದಿದ್ದರೆ ಕೊನೆಯ ದಾರಿ ನೀರು ಹಾಕಿ ಉಜ್ಜುವ ಮರಳು ಕಾಗದ, ಅಂದರೆ ವಾಟರ್ ಪೇಪರ್. 400 ನಂಬರಿನಿಂದ ಶುರು ಮಾಡಿ 600ಕ್ಕೆ ಮುಗಿಸಿ. ಸೋಪಿನ ನೀರು ಹರಿಯುತ್ತಿರಲಿ, ಪಟ್ಟಿಯ ಸುತ್ತಿನ ದಿಕ್ಕಿನಲ್ಲೇ ಉಜ್ಜಿ. ಬಿಳಿ ಪದರ ತೆಳುವಾದದ್ದು. ಎಲ್ಲಾದರೂ ಬೂದು ನೆರಳು ಕಾಣಿಸಿದರೆ ಕೆಳಗಿನ ಕಪ್ಪು ಹತ್ತಿರ ಬಂದಿದೆ, ಕೈ ತೆಗೆಯಿರಿ. ವರ್ಷಕ್ಕೊಂದು ಸಲಕ್ಕಿಂತ ಜಾಸ್ತಿ ಇದನ್ನು ಮಾಡುವಂತಿಲ್ಲ.

ಬ್ಲೀಚಿಂಗ್ ಪೌಡರ್, ಬಟ್ಟೆಗೆ ಹಾಕುವ ಬ್ಲೀಚ್ ಬೇಡ. ಮೊದಲ ದಿನ ಬೆಳ್ಳಗೆ ಕಾಣುತ್ತದೆ, ನಿಜ. ಆದರೆ ರಬ್ಬರ್ ಒಣಗಿ ಒರಟಾಗುತ್ತದೆ, ಆಮೇಲೆ ಹಳದಿ ಇನ್ನೂ ಆಳಕ್ಕೆ ಹಿಡಿಯುತ್ತದೆ.

ಹೊಸ ವೈಟ್‌ವಾಲ್ ನೀಲಿ ಬಣ್ಣದಲ್ಲಿ ಬಂದಿದೆ

ದೋಷವಲ್ಲ. ಸಾಗಿಸುವಾಗ ಬಿಳಿ ಹಾಳಾಗದಂತೆ ನೀಲಿ ರಕ್ಷಣಾ ಪದರ ಬಳಿದಿರುತ್ತಾರೆ. ಬೆಚ್ಚಗಿನ ನೀರು, ಸೋಪು, ಮೆತ್ತನೆ ಬ್ರಷ್ ಸಾಕು. ಟೈರು ಹಾಕಿಸಿದ ಕೂಡಲೇ ತೊಳೆಯಿರಿ. ಬಿಸಿಲಿನಲ್ಲಿ ಓಡಿಸಿ ವಾರಗಟ್ಟಲೆ ಬಿಟ್ಟರೆ ನೀಲಿಯೇ ಕಲೆಯಾಗಿ ಉಳಿಯುತ್ತದೆ. ಪೆಟ್ರೋಲ್, ಥಿನ್ನರ್ ಹಾಕಿ ಒರೆಸಿದರೆ ನೀಲಿ ರಬ್ಬರಿನೊಳಗೇ ಇಳಿಯುತ್ತದೆ.

ಟೈರುಗಳನ್ನು ಒಂದರ ಮೇಲೊಂದು ಇಡುವುದಿದ್ದರೆ ಬಿಳಿಯ ಮೇಲೆ ಬಿಳಿ, ಕಪ್ಪಿನ ಮೇಲೆ ಕಪ್ಪು ಬರುವಂತೆ ಇಡಿ. ಕಪ್ಪು ಮೈ ತಾಗಿದ ಬಿಳಿ ಪಟ್ಟಿ ಇಟ್ಟಲ್ಲೇ ಕಂದಾಗುತ್ತದೆ.

ಕ್ಲೀನರ್ ಹಾಕಿದ ಮೇಲೆ ರಿಮ್ ಮೇಲೆ ಬೆಳ್ಳನೆ ಮಬ್ಬು

ಇದು ಕೈತಪ್ಪಿದ ಮೇಲೆ ಸರಿಯಾಗುವುದು ಕಷ್ಟ, ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಅಂಗಡಿಯಲ್ಲಿ ಟೈರ್ ಕ್ಲೀನರ್, ವೀಲ್ ಕ್ಲೀನರ್ ಒಂದೇ ಸಾಲಿನಲ್ಲಿ ಕೂತಿರುತ್ತವೆ. ಒಳಗಿರುವುದು ಬೇರೆ ಬೇರೆ. ಸ್ಟ್ರಾಂಗ್ ಟೈರ್ ಮತ್ತು ವೈಟ್‌ವಾಲ್ ಕ್ಲೀನರ್‌ಗಳು ಸಾಮಾನ್ಯವಾಗಿ ಕ್ಷಾರ. ಲೇಬಲ್ಲಿನಲ್ಲಿ ಸೋಡಿಯಂ ಹೈಡ್ರಾಕ್ಸೈಡ್, ಪೊಟ್ಯಾಸಿಯಂ ಹೈಡ್ರಾಕ್ಸೈಡ್, ಸೋಡಿಯಂ ಮೆಟಾಸಿಲಿಕೇಟ್ ಅಂತ ಇರುತ್ತದೆ. ಕ್ಷಾರ ಎಷ್ಟು ತೀಕ್ಷ್ಣ ಅಂತ ಹೇಳುವ ಪಿಎಚ್ ಅಂಕಿ 12, 13ರ ಹತ್ತಿರ ಇರುವುದುಂಟು. ಜಿಡ್ಡು ಒಡೆಯುವುದರಲ್ಲಿ ಇವನ್ನು ಮೀರಿಸಿದ್ದಿಲ್ಲ. ಆದರೆ ಅಲ್ಯೂಮಿನಿಯಂ ಕ್ಷಾರಕ್ಕೆ ತಡೆಯುವುದಿಲ್ಲ. ಅಡುಗೆಮನೆಯ ಅಲ್ಯೂಮಿನಿಯಂ ಪಾತ್ರೆಯಲ್ಲಿ ವಾಷಿಂಗ್ ಸೋಡಾ ಹಾಕಿಟ್ಟರೆ ಕಪ್ಪು, ಬೂದು ಆಗುತ್ತದಲ್ಲ, ಅದೇ ಕಥೆ. ಅನೋಡೈಸ್ ಮಾಡಿದ ಪದರವೂ (ಲೋಹದ ರಕ್ಷಣೆಗೆ ವಿದ್ಯುತ್ ಹಾಯಿಸಿ ಬೆಳೆಸುವ ಪದರ) ಅಲ್ಯೂಮಿನಿಯಂ ಆಕ್ಸೈಡೇ ಆದ್ದರಿಂದ ಅದೂ ಕರಗುತ್ತದೆ.

ನನ್ನ ಸ್ನೇಹಿತರೊಬ್ಬರ ಕಾರಿನ ಪಾಲಿಶ್ ಮಾಡಿದ ಅಲ್ಯೂಮಿನಿಯಂ ಚಕ್ರದಲ್ಲಿ ಇದನ್ನು ಹತ್ತಿರದಿಂದ ಕಂಡೆ. ಟೈರಿಗೆ ಹೊಡೆದ ಕ್ಲೀನರ್ ಗೆರೆಗೆರೆಯಾಗಿ ರಿಮ್ ಮೇಲೆ ಇಳಿದಿತ್ತು. ಫೋನ್ ಬಂತು ಅಂತ ಐದು ನಿಮಿಷ ಬಿಟ್ಟಿದ್ದರು. ನೀರು ಹಾಕಿದಾಗ ಏನೂ ಕಾಣಲಿಲ್ಲ. ಒಣಗಿದ ಮೇಲೆ ಕನ್ನಡಿಯ ಮೇಲೆ ಉಸಿರು ಬಿಟ್ಟ ಹಾಗೆ ಮಬ್ಬು ಗೆರೆಗಳು ಎದ್ದವು. ಒರೆಸಿದರೆ ಹೋಗುವ ಉಸಿರಲ್ಲ ಅದು. ಲೋಹದ ಮೈಯೇ ಕೊರೆದುಹೋಗಿತ್ತು. ವಿನೆಗರ್ ಹಾಕಿದೆವು, ಏನೂ ಆಗಲಿಲ್ಲ. ಕ್ಷಾರವನ್ನು ಅದು ತಣಿಸಬಹುದು, ಹೋದ ಮೈಯನ್ನು ತಂದುಕೊಡುವುದಿಲ್ಲ. ಮೆಟಲ್ ಪಾಲಿಶ್ ಹಾಕಿ ಎರಡು ದಿನ ಕೈಯಲ್ಲಿ ತಿಕ್ಕಿದ ಮೇಲೆ ಹೊಳಪು ಮರಳಿತು. ಅನೋಡೈಸ್ ಆಗಿದ್ದರೆ ಅದೂ ಆಗುತ್ತಿರಲಿಲ್ಲ, ಇಡೀ ಪದರ ತೆಗೆದು ಮತ್ತೆ ಮಾಡಿಸಬೇಕಿತ್ತು.

ನಿಮ್ಮ ರಿಮ್ ಬರೀ ಲೋಹವಾ ಅಥವಾ ಮೇಲೆ ಕ್ಲಿಯರ್ ಕೋಟ್, ಅಂದರೆ ಬಣ್ಣವಿಲ್ಲದ ಪಾರದರ್ಶಕ ಪದರ ಇದೆಯಾ ಅಂತ ತಿಳಿಯಲು, ಬಿಳಿ ಬಟ್ಟೆಗೆ ಚೂರು ಮೆಟಲ್ ಪಾಲಿಶ್ ಹಚ್ಚಿ ಒಳಗಿನ ಮೂಲೆಯಲ್ಲಿ ತಿಕ್ಕಿ. ಬಟ್ಟೆ ಕಪ್ಪಾದರೆ ಬರೀ ಲೋಹ. ಕಪ್ಪಾಗದಿದ್ದರೆ ಕ್ಲಿಯರ್ ಕೋಟ್ ಅಥವಾ ಅನೋಡೈಸ್. ಎರಡರಲ್ಲಿ ಯಾವುದು ಅಂತ ಗೊತ್ತಾಗದಿದ್ದರೆ ಕ್ಷಾರ ತಾಗಿಸಲೇಬೇಡಿ. ಕ್ಲೀನರನ್ನು ಟೈರಿಗೆ ನೇರ ಹೊಡೆಯುವ ಬದಲು ಬ್ರಷ್ಷಿಗೆ ಹೊಡೆದು ಆಡಿಸಿ. ಅದಕ್ಕೂ ಮೊದಲು ರಿಮ್ಮನ್ನು ನೀರಿನಿಂದ ಪೂರ್ತಿ ಒದ್ದೆ ಮಾಡಿ. ಆಮೇಲೆ ಹನಿ ಬಿದ್ದರೂ ತೆಳುವಾಗಿ ಹರಿದುಹೋಗುತ್ತದೆ.

ಚಕ್ರದ ನಡುವೆ ಮುಚ್ಚುವ ಹೊಳೆಯುವ ಕ್ರೋಮ್ ಕಪ್‌ಗಳಿಗೆ ತೊಂದರೆ ಹೆಚ್ಚಾಗಿ ಆ್ಯಸಿಡ್‌ನಿಂದ. ಕೆಲವು ವೀಲ್ ಕ್ಲೀನರ್‌ಗಳು ಆ್ಯಸಿಡ್. ಲೇಬಲ್ಲಿನಲ್ಲಿ ಹೈಡ್ರೋಫ್ಲೋರಿಕ್ ಆ್ಯಸಿಡ್ ಅಥವಾ ಅಮೋನಿಯಂ ಬೈಫ್ಲೋರೈಡ್ ಅಂತ ಕಂಡರೆ ಬಾಟಲಿ ಅಂಗಡಿಯಲ್ಲೇ ಇರಲಿ. ಅದು ಚರ್ಮದೊಳಗೆ ಇಳಿದು ಮೂಳೆಯವರೆಗೂ ಹೋಗಬಲ್ಲದು. ನೋವು ಕೆಲವು ಗಂಟೆ ತಡವಾಗಿ ಬರುವುದೂ ಉಂಟು. ಮನೆಯ ಅಂಗಳದಲ್ಲಿ ಬಳಸುವ ವಸ್ತು ಅಲ್ಲವೇ ಅಲ್ಲ.

ಚಿಮುಕಿಸಿದಾಗ ನೇರಳೆ ಬಣ್ಣಕ್ಕೆ ತಿರುಗಿ ಕೊಳೆತ ಮೊಟ್ಟೆಯ ವಾಸನೆ ಬರುವ ಇನ್ನೊಂದು ಬಗೆ ಇದೆ. ಅದು ಬ್ರೇಕಿನಿಂದ ಬಂದ ಕಬ್ಬಿಣದ ಪುಡಿಯನ್ನು ಕರಗಿಸುವಂಥದ್ದು. ನೇರಳೆ ಅಂದರೆ ಕಬ್ಬಿಣ ಸಿಕ್ಕಿತು ಅಂತ ಅರ್ಥ. ಮಳೆಯ ನಂತರ ಬಿಳಿ ಪಟ್ಟಿಯ ಮೇಲೆ ಸೂಜಿ ಮೊನೆಯಷ್ಟು ಕಿತ್ತಳೆ ಚುಕ್ಕೆಗಳು ಎದ್ದರೆ ಇದು ಕೆಲಸಕ್ಕೆ ಬರುತ್ತದೆ. ಹಳದಿಗೂ ಪಾಲಿಶ್ ಪದರಕ್ಕೂ ಇದರಿಂದ ಏನೂ ಆಗುವುದಿಲ್ಲ, ಸುಮ್ನೆ ದುಡ್ಡು ದಂಡ.

ಕೈ, ಕಣ್ಣು, ಉಸಿರು

ಸ್ಟ್ರಾಂಗ್ ಟೈರ್ ಕ್ಲೀನರ್ ಬೆರಳಿಗೆ ತಾಗಿದರೆ ಸೋಪಿನ ಹಾಗೆ ಜಾರುತ್ತದೆ. ಎಷ್ಟು ತೊಳೆದರೂ ಜಾರುತ್ತಲೇ ಇರುತ್ತದೆ. ಅದು ಬಾಟಲಿಯೊಳಗಿನ ಸೋಪಲ್ಲ. ಕ್ಷಾರ ನಿಮ್ಮ ಚರ್ಮದ ಜಿಡ್ಡನ್ನೇ ಸೋಪು ಮಾಡುತ್ತಿದೆ. ನೈಟ್ರೈಲ್ ಗ್ಲೌಸ್ ಹಾಕಿ. ಬ್ರಷ್ಷಿನ ಕೂದಲು ಮುಖದ ಕಡೆಗೇ ಹನಿ ಎರಚುತ್ತದೆ, ಹಾಗಾಗಿ ಕಣ್ಣಿಗೆ ಕನ್ನಡಕ ಬೇಕೇ ಬೇಕು. ಕಣ್ಣಿಗೆ ಬಿದ್ದರೆ ಹರಿಯುವ ನೀರಿನಲ್ಲಿ ಕನಿಷ್ಠ 15 ನಿಮಿಷ ತೊಳೆದು ನೇರ ಆಸ್ಪತ್ರೆಗೆ ಹೋಗಿ. ಉರಿ ಕಡಿಮೆಯಾಯಿತು ಅಂತ ಕೂರಬೇಡಿ, ಕ್ಷಾರ ಒಳಗೊಳಗೇ ಕೆಲಸ ಮುಂದುವರಿಸುತ್ತದೆ.

ಬಾತ್‌ರೂಮ್ ತೊಳೆಯುವ ಆ್ಯಸಿಡ್‌ನಿಂದ ಚಕ್ರ ತೊಳೆಯುವವರನ್ನು ನೋಡಿದ್ದೇನೆ. ಆ ಚಕ್ರದ ಮೇಲೆ ಮೊದಲೇ ಬ್ಲೀಚ್ ಬಿದ್ದಿದ್ದರೆ ಅಲ್ಲಿ ಏಳುವುದು ಕ್ಲೋರಿನ್ ಅನಿಲ. ಬ್ಲೀಚ್ ಜೊತೆ ಅಮೋನಿಯಾ ಸೇರಿದರೂ ವಿಷಗಾಳಿಯೇ. ಮುಚ್ಚಿದ ಗ್ಯಾರೇಜಿನಲ್ಲಿ ಇದು ಜೀವಕ್ಕೆ ಕುತ್ತು. ಒಂದು ದಿನಕ್ಕೆ ಒಂದೇ ಬಾಟಲಿ, ಎರಡು ಎಂದೂ ಬೆರೆಸಬೇಡಿ.

ತೊಳೆದು ಒಣಗಿದ ಮೇಲೆ ಸುಣ್ಣ ಬಳಿದ ಹಾಗೆ ಕಾಣುತ್ತದೆ

ಎರಡು ಕಾರಣ. ಬೆಂಗಳೂರಿನ ಎಷ್ಟೋ ಬಡಾವಣೆಗಳಲ್ಲಿ, ಕೋಲಾರದ ಕಡೆಯಲ್ಲಿ ಬೋರ್‌ವೆಲ್ ನೀರು ಗಡಸು. ಕ್ಯಾಲ್ಸಿಯಂ, ಮೆಗ್ನೀಸಿಯಂ ಉಳಿದು ಉಂಗುರ ಉಂಗುರವಾಗಿ ಬಿಳಿ ಗುರುತು ಬೀಳುತ್ತದೆ. ಬಿಳಿ ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ ಒರೆಸಿದರೆ ಹೋಗುತ್ತದೆ. ಮಳೆ ನೀರು ಹಿಡಿದಿಟ್ಟಿದ್ದರೆ ಕೊನೆಯ ಒಂದು ಬಕೆಟ್ ಅದನ್ನೇ ಹಾಕಿ ಬಟ್ಟೆಯಲ್ಲಿ ಒರೆಸಿ.

ಇನ್ನೊಂದು, ಕ್ಲೀನರೇ ಒಣಗಿದ್ದು. ಮೆಟಾಸಿಲಿಕೇಟ್ ಇರುವ ಕ್ಲೀನರ್ ಒಣಗಿದರೆ ಗಟ್ಟಿ ಬಿಳಿ ಪೊರೆಯಾಗುತ್ತದೆ. ಬರೀ ನೀರಿಗೆ ಜಗ್ಗುವುದಿಲ್ಲ. ಅದೇ ಕ್ಲೀನರನ್ನು ನೀರು ಬೆರೆಸಿ ತೆಳು ಮಾಡಿ ಮತ್ತೆ ಒದ್ದೆ ಮಾಡಿ, ಬ್ರಷ್ ಆಡಿಸಿ, ತಡ ಮಾಡದೆ ಧಾರಾಳವಾಗಿ ನೀರು ಹಾಕಿ. ಕೆಟ್ಟದ್ದಕ್ಕೆ ಅದನ್ನೇ ಮತ್ತೆ ಹಾಕುವುದಾ ಅನ್ನಿಸಬಹುದು. ಆದರೆ ಗಟ್ಟಿಯಾದದ್ದನ್ನು ಮತ್ತೆ ಕರಗಿಸುವುದು ಅದೇ.

ಕೆಂಪು ಕಲೆ, ಕಪ್ಪು ಗೀರು

ಮಲೆನಾಡು, ಕರಾವಳಿಯ ಕಡೆ ಹೋಗಿಬಂದರೆ ಜಂಬಿಟ್ಟಿಗೆ ಮಣ್ಣಿನ ಕೆಂಪು ಬಿಳಿ ಪಟ್ಟಿಗೆ ಹತ್ತಿರುತ್ತದೆ. ಆ ಕೆಂಪು ಕಬ್ಬಿಣದ ಆಕ್ಸೈಡ್‌ದು. ಪಟ್ಟಿ ನಯವಾಗಿದ್ದರೆ ಸೋಪಿಗೇ ಬಿಡುತ್ತದೆ. ಬ್ಲೀಚ್ ಅಥವಾ ಗಟ್ಟಿ ಬ್ರಷ್ಷಿಗೆ ಒರಟಾಗಿದ್ದರೆ ರಂಧ್ರಗಳಲ್ಲಿ ಕೂತುಬಿಡುತ್ತದೆ. ಊರಿಗೆ ಬಂದ ದಿನವೇ ತೊಳೆಯಿರಿ, ಒಣಗಿದ ಮೇಲೆ ಮೂರು ಪಟ್ಟು ಕೆಲಸ.

ಫುಟ್‌ಪಾತ್ ಅಂಚಿಗೆ ಉಜ್ಜಿದ ಕಪ್ಪು ಗೀರು ಮೆಲಮೈನ್ ಸ್ಪಂಜಿಗೆ ಹೋಗುತ್ತದೆ. ಉಗುರು ಆಡಿಸಿದಾಗ ಹಳ್ಳ ಸಿಕ್ಕಿದರೆ ಅದು ಗೀರಲ್ಲ, ಕೊಯ್ತ. ಕ್ಲೀನಿಂಗ್ ಬಿಟ್ಟು ಟೈರು ಅಂಗಡಿಗೆ ತೋರಿಸಿ.

ಪಾಲಿಶ್ ಬೇಕೇ ಬೇಕು ಅನ್ನುವವರಿಗೆ

ನೀರಿನಿಂದ ಮಾಡಿದ, ಹಾಲಿನ ಹಾಗೆ ಕಾಣುವ ಬಗೆಯದನ್ನೇ ಕೊಳ್ಳಿ. ಪೆಟ್ರೋಲಿಯಂ ವಾಸನೆಯ, ಎಣ್ಣೆಯಂತೆ ಜಾರುವ ಬಗೆ ಬೇಡ. ಸ್ಪಂಜಿಗೆ ಹಾಕಿ ಕಪ್ಪು ಭಾಗಕ್ಕೆ ಮಾತ್ರ ತೆಳ್ಳಗೆ ಹಚ್ಚಿ, ಬಿಳಿಯ ಅಂಚಿನಿಂದ ಒಂದು ಬೆರಳು ದೂರ ಇರಲಿ. 15 ನಿಮಿಷ ಬಿಟ್ಟು ಒಣ ಬಟ್ಟೆಯಲ್ಲಿ ಒರೆಸಿ. ಮಡ್‌ಗಾರ್ಡ್ ಮೇಲೆ ಕಪ್ಪು ಚುಕ್ಕೆಗಳು ಸಿಡಿದಿದ್ದರೆ ಜಾಸ್ತಿ ಹಚ್ಚಿದ್ದೀರಿ ಅಥವಾ ಒರೆಸಿಲ್ಲ ಅಂತ ಅರ್ಥ.

ರೋಡಿಗೆ ತಾಗುವ ಮೈಗೆ ಒಂದು ಹನಿಯೂ ಬೇಡ. ಬಿಳಿ ಪಟ್ಟಿಯ ಸ್ಕೂಟರ್, ಬೈಕ್ ಇರುವವರು ಪಕ್ಕದ ಗೋಡೆಗೂ ಹಚ್ಚಬೇಡಿ. ತಿರುವಿನಲ್ಲಿ ವಾಲಿದಾಗ ಟೈರಿನ ಆ ಅಂಚೇ ರೋಡಿಗೆ ತಾಗುವುದು. ಕಾರಿನಲ್ಲೂ ತೊಳೆದ ಮೇಲೆ ಮನೆಯ ಮುಂದೆ ನಿಧಾನವಾಗಿ ಓಡಿಸಿ ನಾಲ್ಕೈದು ಸಲ ಬ್ರೇಕ್ ಒತ್ತಿ ನೋಡಿ. ಹಳೆಯ ಪದ್ಮಿನಿ, ಅಂಬಾಸಿಡರ್‌ಗಳ ಡ್ರಮ್ ಬ್ರೇಕಿನೊಳಗೆ ನೀರು ಹೋದರೆ ಒಣಗುವವರೆಗೆ ಸರಿಯಾಗಿ ಹಿಡಿಯುವುದಿಲ್ಲ.

ಉಜ್ಜಿದಷ್ಟೂ ಸಣ್ಣ ಬಿರುಕುಗಳು ಕಾಣುತ್ತಿವೆ

ಇಲ್ಲಿ ಯಾವ ಕ್ಲೀನರ್ರೂ ಉತ್ತರವಲ್ಲ. ಕೊಳೆ ತುಂಬಿ ಮುಚ್ಚಿಕೊಂಡಿದ್ದ ಬಿರುಕು ತೊಳೆದಾಗ ಕಾಣಿಸಿದೆ, ಅಷ್ಟೇ. ಟೈರಿನ ಪಕ್ಕದಲ್ಲಿ ಡಾಟ್ (DOT) ಅಂತ ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ ನೋಡಿ. 2319 ಅಂತ ಇದ್ದರೆ 2019ರ 23ನೇ ವಾರ ತಯಾರಾದದ್ದು. ಒಂದು ಪಕ್ಕದಲ್ಲಿ ಅಂಕಿ ಕಾಣದಿದ್ದರೆ ಇನ್ನೊಂದು ಪಕ್ಕ ನೋಡಿ, ವೈಟ್‌ವಾಲ್ ಟೈರಿನಲ್ಲಿ ಅದು ಒಳಮುಖಕ್ಕೆ ಹೋಗಿರುವುದುಂಟು. ವರ್ಷಕ್ಕೆ ಸಾವಿರ ಕಿಲೋಮೀಟರೂ ಓಡದ ಹಳೆಯ ಕಾರುಗಳಲ್ಲಿ ರೋಡಿಗೆ ತಾಗುವ ಮೈಯ ಉಬ್ಬುಗಳು ಹೊಸದರ ಹಾಗೇ ಇರುತ್ತವೆ, ರಬ್ಬರಿಗೆ ಮಾತ್ರ ಹತ್ತು ಹನ್ನೆರಡು ವರ್ಷ ಆಗಿರುತ್ತದೆ. ನಿಂತೇ ಇರುವ ಟೈರಿನಲ್ಲಿ ಮೇಣ ಮೇಲೆ ಬರುವುದೂ ಕಡಿಮೆ.

ನಮ್ಮ ಪದ್ಮಿನಿಯ ಮುಂದಿನ ಬಲ ಟೈರಿನಲ್ಲಿ ಬಿಳಿ ಪಟ್ಟಿಗೂ ಕಪ್ಪಿಗೂ ಸೇರುವ ಗೆರೆಯ ಉದ್ದಕ್ಕೂ ಕೂದಲೆಳೆಯಂಥ ಸೀಳು ಕಂಡಿತು. ಬೆರಳಲ್ಲಿ ಒತ್ತಿದರೆ ಬಾಯಿ ಬಿಡುತ್ತಿತ್ತು. ಅದರ ಬಿಳಿ ನಾಲ್ಕರಲ್ಲೇ ಚೆನ್ನಾಗಿತ್ತು, ಬಿಡಲು ಮನಸ್ಸೇ ಬರಲಿಲ್ಲ. ಮರುದಿನ ಬಿಚ್ಚಿಸಿ ಅದರ ಜಾಗಕ್ಕೆ ಸ್ಟೆಪ್ನಿ ಹಾಕಿದೆ, ಹೊಸ ಟೈರು ಬರುವವರೆಗೆ ಊರೊಳಗಷ್ಟೇ, ನಿಧಾನಕ್ಕೆ ಓಡಿಸಿದೆ.